ಗುಣಹೊಂದಿದವನ ಋಣ

ಶರೀರ ಧರಿಸಿದ ಯಾವ ಜೀವನಿಗೂ ವ್ಯಾಧಿ ತಪ್ಪಿದ್ದಲ್ಲ. ಕಠಿಣವಾದ ಕಾಯಿಲೆಯಿಂದ ಎದ್ದವನು ನಮ್ಮ ಮನೆಗಳಲ್ಲಿ ಮೊದಲು ಮಾಡುವ ಕೆಲಸವೆಂದರೆ ಬಸದಿಗೆ ಹೋಗುವುದು. ಅಭಿಷೇಕಕ್ಕೆ ಬರೆಸುವುದು, ಪದ್ಮಾವತಿ ದೇವಿಗೆ ಹೂವಿನ ಪೂಜೆ ಸಲ್ಲಿಸುವುದು, ಅನುಕೂಲವಿದ್ದರೆ ಒಂದು ದಿನದ ಅನ್ನದಾನ ಮಾಡಿಸುವುದು ಇವೆಲ್ಲ ಸತ್ಸಂಪ್ರದಾಯಗಳು. ಇವುಗಳ ಹಿಂದೆ ಇರುವ ಭಾವವು ಕೃತಜ್ಞತೆ. ಆದರೆ ಸ್ವಾಧ್ಯಾಯ ಮಾಡುವವರ ಮನಸ್ಸಿನಲ್ಲಿ ಇಲ್ಲೊಂದು ಪ್ರಶ್ನೆ ಏಳುತ್ತದೆ. ರೋಗವು ಅಸಾತಾವೇದನೀಯ ಕರ್ಮದ ಉದಯ. ಗುಣವಾಗುವುದೆಂದರೆ ಆ ಉದಯವು ತೀರಿ ಸಾತಾವೇದನೀಯವು ಉದಯಕ್ಕೆ ಬರುವುದು. ಕಟ್ಟಿಕೊಂಡವನೂ ನಾನೇ, ಉಣ್ಣುವವನೂ ನಾನೇ. ಜಿನೇಂದ್ರನಾದರೋ ವೀತರಾಗಿ, ಆತನು ಕೊಡುವವನೂ ಅಲ್ಲ, ಕಸಿಯುವವನೂ ಅಲ್ಲ. ಹಾಗಾದರೆ ಗುಣಹೊಂದಿದವನು ಯಾರಿಗೆ ಕೃತಜ್ಞನಾಗಿರಬೇಕು?

ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯಿದೆ. ನಗುವೇ ಔಷಧವೆಂಬ ಮಾತನ್ನು ನಾವು ಈಗ ಎಲ್ಲೆಲ್ಲಿಯೂ ಕೇಳುತ್ತಿದ್ದೇವೆ. ನಮ್ಮ ಶಾಸ್ತ್ರವಾದರೋ ಹಾಸ್ಯವನ್ನು ಚಾರಿತ್ರಮೋಹನೀಯ ಕರ್ಮದ ಪ್ರಕೃತಿಗಳಲ್ಲಿ ಎಣಿಸಿದೆ. ಒಂಬತ್ತು ನೋಕಷಾಯಗಳಲ್ಲಿ ಅದು ಮೊದಲನೆಯದು. ಸತ್ಯವ್ರತವನ್ನು ದೃಢಗೊಳಿಸುವ ಐದು ಭಾವನೆಗಳಲ್ಲಿ ಹಾಸ್ಯತ್ಯಾಗವೂ ಒಂದು. ಬಿಡಬೇಕಾದುದನ್ನು ಔಷಧವೆಂದು ಸೇವಿಸುವುದು ಹೇಗೆ?

ಈ ಪ್ರಶ್ನೆಗಳು ಕೇವಲ ತರ್ಕದ ವಿನೋದಕ್ಕಾಗಿ ಹುಟ್ಟಿದವಲ್ಲ. ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಒಂದಲ್ಲ ಒಂದು ಕಾಲಕ್ಕೆ ಒಬ್ಬರು ಹಾಸಿಗೆ ಹಿಡಿದಿರುತ್ತಾರೆ. ಅವರ ಬಳಿ ಹೋಗಿ ನಾವು ಏನು ಆಡುತ್ತೇವೆ, ಏನು ಮಾಡುತ್ತೇವೆ ಎಂಬುದು ಈ ಪ್ರಶ್ನೆಗಳಿಗೆ ನಾವು ಒಳಗೆ ಕೊಟ್ಟುಕೊಂಡಿರುವ ಉತ್ತರವನ್ನೇ ಅವಲಂಬಿಸಿದೆ.

ಖೈರಾಬಾದಿನ ಹಾಸಿಗೆ

ನಮ್ಮ ಸಮಾಜದವನೇ ಆದ ಒಬ್ಬ ವರ್ತಕನ ಅನುಭವವನ್ನು ಮೊದಲು ನೋಡೋಣ. ಕವಿ ಬನಾರಸೀದಾಸನು ೧೫೮೬ರಲ್ಲಿ ಜೌನ್‌ಪುರದಲ್ಲಿ ಹುಟ್ಟಿದ ಶ್ರೀಮಾಲ ಜೈನ. ಅವನದು ರತ್ನವ್ಯಾಪಾರದ ಮನೆತನ. ಕುಂದಕುಂದಾಚಾರ್ಯರ ‘ಸಮಯಸಾರ’ದ ಅಧ್ಯಾತ್ಮವನ್ನು ಹಿಂದೀ ಪದ್ಯಗಳಿಗೆ ತಂದ ‘ಸಮಯಸಾರ ನಾಟಕ’ದಿಂದ ಆತನು ಉತ್ತರ ದೇಶದಲ್ಲಿ ಪ್ರಸಿದ್ಧನಾಗಿದ್ದಾನೆ. ೧೬೪೧ರಲ್ಲಿ, ತನ್ನ ಐವತ್ತೈದನೆಯ ವಯಸ್ಸಿನಲ್ಲಿ, ಆಗ್ರಾದಲ್ಲಿದ್ದು ಆತನು ಬರೆದ ‘ಅರ್ಧಕಥಾನಕ’ವು ಭಾರತೀಯ ಭಾಷೆಗಳ ಅತಿ ಹಳೆಯ ಆತ್ಮಕಥೆಗಳಲ್ಲಿ ಒಂದು. ಮನುಷ್ಯನ ಪೂರ್ಣಾಯುಷ್ಯವು ನೂರಹತ್ತು ವರ್ಷವೆಂದು ಎಣಿಸಿ, ತನ್ನದು ಅರ್ಧ ಮುಗಿದಿದೆಯೆಂದು ಆ ಹೆಸರನ್ನಿಟ್ಟ. ಲಾಭ ನಷ್ಟಗಳನ್ನು ಕಿರ್ದಿ ಪುಸ್ತಕದಲ್ಲಿ ಬರೆಯುವ ನಿರ್ಮಮತೆಯಿಂದಲೇ ಆತನು ತನ್ನ ಬಾಳಿನ ಜಮಾ ಖರ್ಚುಗಳನ್ನೂ ಬರೆದಿಟ್ಟಿದ್ದಾನೆ.

ಹದಿನೈದು ಹದಿನಾರರ ಪ್ರಾಯದಲ್ಲಿ ಪತ್ನಿಯನ್ನು ಕರೆತರಲೆಂದು ಆತನು ಖೈರಾಬಾದಿನ ಮಾವನ ಮನೆಗೆ ಹೋದ. ಹೋಗಿ ತಿಂಗಳಾಗುವಷ್ಟರಲ್ಲಿ ಅಕಸ್ಮಾತ್ತಾಗಿ ರೋಗ ಬಂದಿತು. ಮೈಯೆಲ್ಲ ಕುಷ್ಠದಂತಾಯಿತು. ಮೂಳೆ ಮೂಳೆಯಲ್ಲಿ ನೋವು, ಕೂದಲು ಉದುರಿತು, ಕೈಕಾಲುಗಳ ತುಂಬ ಹುಣ್ಣುಗಳಾದವು. ಮಾವನಾಗಲಿ ಭಾವಮೈದುನನಾಗಲಿ ಜೊತೆಗೆ ಕುಳಿತು ಉಣ್ಣಲಿಲ್ಲ. ಯಾರೂ ಹತ್ತಿರ ಸುಳಿಯಲಿಲ್ಲ. ಉಳಿದವರು ಇಬ್ಬರೇ, ಅತ್ತೆ ಮತ್ತು ಪತ್ನಿ. ಅವರು ಅನ್ನ ನೀರನ್ನು ತಂದು ಬಾಯಿಗೆ ಇಡುತ್ತಿದ್ದರು, ಮೈಗೆ ಔಷಧ ಹಚ್ಚುತ್ತಿದ್ದರು, ಆಮೇಲೆ ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು. ಈ ಕೊನೆಯ ವಿವರವನ್ನು ಬನಾರಸೀದಾಸನು ಮರೆಮಾಚಲಿಲ್ಲ. ಅದರಿಂದ ಆ ತಾಯಿ ಮಗಳ ಸೇವೆ ಕುಂದುವುದೂ ಇಲ್ಲ. ದುರ್ಗಂಧವೇ ತಿಳಿಯದಿದ್ದವರು ಮಾಡಿದ ಸೇವೆಗಿಂತ ಮೂಗು ಮುಚ್ಚಿಕೊಂಡವರು ಮರುದಿನ ಮತ್ತೆ ಬಂದು ಮಾಡಿದ ಸೇವೆ ದೊಡ್ಡದು. ನಲವತ್ತು ವರ್ಷಗಳ ಮೇಲೆ ಅದನ್ನು ನೆನೆದು ಬರೆಯುವಾಗ ಕವಿಯ ತುಟಿಯಂಚಿನಲ್ಲಿ ಒಂದು ಕಿರುನಗೆ ಇದ್ದಿರಬೇಕೆಂದು ನನಗೆ ತೋರುತ್ತದೆ.

ಆ ಹೊತ್ತಿಗೆ ವೈದ್ಯ ಬಲ್ಲ ಒಬ್ಬ ಕ್ಷೌರಿಕನು ಬಂದನು. ಔಷಧದ ಪುಡಿಗಳನ್ನು ಕೊಟ್ಟು, ಉಪ್ಪಿಲ್ಲದ ಕಡಲೆಯ ಪಥ್ಯವನ್ನು ಹೇಳಿದನು. ಹಣವನ್ನು ಮುಟ್ಟಲಿಲ್ಲ. ನಾಲ್ಕು ತಿಂಗಳಿಗೆ ನೋವು ತಗ್ಗಿತು; ಮತ್ತೆರಡು ತಿಂಗಳಿಗೆ ರೋಗ ಬಿಟ್ಟಿತು. ಎದ್ದು ಸ್ನಾನ ಮಾಡಿದ ತರುಣನು ಆ ಕ್ಷೌರಿಕನಿಗೆ ದಾನ ಕೊಟ್ಟು, ಕೈಮುಗಿದು, ನೀನು ನನಗೆ ಮಿತ್ರಸಮಾನ ಎಂಬರ್ಥದ ಮಾತನ್ನಾಡಿದನು.

ಇಲ್ಲಿ ಗಮನಿಸಬೇಕಾದ ಅಂಶ ಒಂದುಂಟು. ತನ್ನ ರೋಗಕ್ಕೆ ಪೂರ್ವಕರ್ಮದ ಉದಯವೇ ಕಾರಣವೆಂದು ಬನಾರಸೀದಾಸನು ಸ್ಪಷ್ಟವಾಗಿ ಬರೆದಿದ್ದಾನೆ. ಮಾವನನ್ನೂ ದೂರಲಿಲ್ಲ, ದೈವವನ್ನೂ ದೂರಲಿಲ್ಲ. ಆದರೆ ರೋಗ ಬಂದುದು ನನ್ನ ಕರ್ಮದಿಂದ, ಹೋದುದೂ ನನ್ನ ಕರ್ಮದಿಂದಲೇ, ಆದುದರಿಂದ ಈ ಕ್ಷೌರಿಕನಿಗೆ ನಾನೇನೂ ಸಲ್ಲಿಸಬೇಕಾಗಿಲ್ಲ ಎಂಬ ತರ್ಕವನ್ನು ಆತನು ಹೂಡಲಿಲ್ಲ. ಆ ಕಾಲದ ವರ್ತಕರ ಮಗನೊಬ್ಬನು ಕ್ಷೌರಿಕನ ಮುಂದೆ ಕೈಮುಗಿದು ನಿಂತು ಮಿತ್ರನೆಂದನು. ಕರ್ಮಸಿದ್ಧಾಂತ ಮತ್ತು ಕೃತಜ್ಞತೆ ಇವೆರಡೂ ಒಂದೇ ಎದೆಯಲ್ಲಿ ಒಂದಕ್ಕೊಂದು ತೊಡಕಾಗದೆ ನೆಲೆಸಬಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ವಿನೋದದ ಮಿತಿ

ಇನ್ನು ನಗುವಿನ ವಿಚಾರ. ಈ ಕಾಲದಲ್ಲಿ ಅದಕ್ಕೆ ಪ್ರಚಾರ ದೊರೆತುದು ನಾರ್ಮನ್ ಕಸಿನ್ಸ್ ಎಂಬ ಅಮೆರಿಕದ ಪತ್ರಿಕಾ ಸಂಪಾದಕರಿಂದ. ೧೯೬೪ರಲ್ಲಿ ರಷ್ಯಾ ಪ್ರವಾಸದಿಂದ ಹಿಂದಿರುಗಿದ ಅವರಿಗೆ ಬೆನ್ನುಮೂಳೆ ಮತ್ತು ಕೀಲುಗಳು ಸೆಟೆದುಕೊಳ್ಳುವ ಉಗ್ರವಾದ ಕಾಯಿಲೆ ಬಂದಿತು. ಪೂರ್ಣ ಗುಣವಾಗುವ ಸಂಭವ ಐನೂರರಲ್ಲಿ ಒಂದು ಮಾತ್ರವೆಂದು ತಜ್ಞರೊಬ್ಬರು ಹೇಳಿದರಂತೆ. ಅವರು ತಮ್ಮ ವೈದ್ಯ ಮಿತ್ರ ಡಾ. ವಿಲಿಯಂ ಹಿಟ್ಜಿಗ್ ಅವರ ಒಪ್ಪಿಗೆ ಪಡೆದು, ಆಸ್ಪತ್ರೆಯನ್ನು ಬಿಟ್ಟು ಒಂದು ಹೋಟೆಲಿನ ಕೋಣೆಗೆ ಬಂದರು. ‘ಸಿ’ ಜೀವಸತ್ವವನ್ನು ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡರು, ಹಾಸ್ಯ ಚಲನಚಿತ್ರಗಳನ್ನು ತರಿಸಿ ನೋಡಿದರು. ಹತ್ತು ನಿಮಿಷ ಹೊಟ್ಟೆ ತುಂಬ ನಕ್ಕರೆ ಎರಡು ಗಂಟೆಯ ಕಾಲ ನೋವಿಲ್ಲದ ನಿದ್ರೆ ಬರುತ್ತಿತ್ತೆಂದು ಅವರು ಬರೆದಿದ್ದಾರೆ. ಕ್ರಮೇಣ ಗುಣವಾಯಿತು. ೧೯೭೬ರಲ್ಲಿ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಈ ಅನುಭವ ಪ್ರಕಟವಾಯಿತು, ೧೯೭೯ರಲ್ಲಿ ಪುಸ್ತಕವಾಯಿತು. ಆಮೇಲೆ ಅವರು ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಹೇಳುವವರಾದರು.

ಇದನ್ನು ಕೇಳಿದವರು ನಗುವೇ ರೋಗವನ್ನು ಓಡಿಸಿತೆಂದು ತೀರ್ಮಾನಿಸುವುದು ಸಹಜ. ಆದರೆ ಅದು ಅವಸರದ ತೀರ್ಮಾನ. ಆ ರೋಗದ ನಿರ್ಣಯವೇ ಸಂದೇಹಾಸ್ಪದವಾಗಿತ್ತೆಂದೂ, ಅಂಥ ಕಾಯಿಲೆಗಳು ಕೆಲವೊಮ್ಮೆ ತಾವಾಗಿಯೇ ತಗ್ಗುವುದುಂಟೆಂದೂ ಅನಂತರ ವೈದ್ಯರು ವಾದಿಸಿದ್ದಾರೆ. ಒಬ್ಬ ರೋಗಿಯ ಅನುಭವದಿಂದ ಸಾರ್ವತ್ರಿಕ ನಿಯಮವನ್ನು ಕಟ್ಟುವುದು ಸಲ್ಲದು. ನಗು ನೋವನ್ನು ತಡೆಯುವ ಶಕ್ತಿಯನ್ನು ಹೆಚ್ಚಿಸುತ್ತದೆ, ಅದೂ ಜೊತೆಗೂಡಿ ನಕ್ಕಾಗ ಎಂಬುದಕ್ಕೆ ಮಾತ್ರ ಆಧಾರಗಳಿವೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರಾಬಿನ್ ಡನ್ಬಾರ್ ಮತ್ತು ಸಂಗಡಿಗರು ೨೦೧೧ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ತೋರಿಸಿವೆ. ರೋಗ ಹೋಗುವುದು ಬೇರೆ, ನೋವು ಸಹ್ಯವಾಗುವುದು ಬೇರೆ. ಎರಡನೆಯದೂ ಅಲ್ಪವಲ್ಲ.

ಇಷ್ಟು ವಿವೇಚನೆ ಅಗತ್ಯ. ಏಕೆಂದರೆ ನಗುವೇ ಮದ್ದೆಂದು ಸಾರುವವರು ತಿಳಿಯದೆಯೇ ಒಂದು ಕ್ರೌರ್ಯಕ್ಕೆ ದಾರಿ ಮಾಡುತ್ತಾರೆ. ಅರ್ಬುದ ರೋಗದಿಂದ ನರಳುವ ತಾಯಿಗೆ ‘ನೀವು ನಗುನಗುತ್ತಾ ಇದ್ದರೆ ಎಲ್ಲ ಸರಿಹೋಗುತ್ತದೆ’ ಎಂದರೆ, ಸರಿಹೋಗದಿದ್ದಾಗ ತಪ್ಪು ಯಾರದಾಯಿತು? ರೋಗದ ಹೊರೆಯ ಮೇಲೆ ನಗಲಾರದೆ ಹೋದ ಅಪರಾಧದ ಹೊರೆಯನ್ನೂ ಹೇರಿದಂತಾಯಿತು.

ಹಾಗಾದರೆ ಶಾಸ್ತ್ರವು ಹಾಸ್ಯವನ್ನು ನೋಕಷಾಯವೆಂದುದರ ತಾತ್ಪರ್ಯವೇನು? ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳ ಸಂಗಡ ಕೆಲಸ ಮಾಡುವುದರಿಂದ ಅದಕ್ಕೆ ಆ ಹೆಸರು. ಅಂದಮೇಲೆ ಯಾವ ನಗು ಯಾವ ಕಷಾಯದ ಸಂಗಡ ಬರುತ್ತಿದೆಯೆಂದು ನೋಡಬೇಕು. ಪರರ ಕುಂಟನ್ನೋ ಬಡತನವನ್ನೋ ಕಂಡು ನಗುವ ನಗು ಮಾನದ ಜೊತೆಗಾರ. ಗಿರಾಕಿಯನ್ನು ನಗಿಸುತ್ತಾ ತೂಕದಲ್ಲಿ ವಂಚಿಸುವ ನಗು ಮಾಯೆಯ ಜೊತೆಗಾರ. ಅನರ್ಥದಂಡವಿರತಿಯ ಅತಿಚಾರಗಳಲ್ಲಿ ಅಶ್ಲೀಲ ಪರಿಹಾಸ್ಯವನ್ನೂ ವಿದೂಷಕ ಚೇಷ್ಟೆಯನ್ನೂ ಸೇರಿಸಿರುವುದು ಈ ಕಾರಣಕ್ಕೆ. ಡಾ. ಮದನ್ ಕಟಾರಿಯಾ ಅವರು ೧೯೯೫ರಲ್ಲಿ ಮುಂಬಯಿಯ ಉದ್ಯಾನವೊಂದರಲ್ಲಿ ಐದು ಮಂದಿಯೊಡನೆ ನಗೆಕೂಟವನ್ನು ಆರಂಭಿಸಿದಾಗ ಮೊದಮೊದಲು ಹಾಸ್ಯಚಟಾಕಿಗಳನ್ನೇ ಹೇಳಿಕೊಳ್ಳುತ್ತಿದ್ದರು. ಕೆಲವೇ ದಿನಗಳಲ್ಲಿ ಒಳ್ಳೆಯ ಚಟಾಕಿಗಳು ಮುಗಿದು, ಇತರರನ್ನು ನೋಯಿಸುವಂಥವು ಉಳಿದವು. ಆಮೇಲೆ ಅವರು ಚಟಾಕಿಗಳನ್ನೇ ಬಿಟ್ಟು, ಕಾರಣವಿಲ್ಲದ ನಗುವನ್ನು ವ್ಯಾಯಾಮವಾಗಿ ರೂಢಿಸಿದರು. ಹಾಸ್ಯವು ಎಷ್ಟು ಬೇಗ ಹಿಂಸೆಯ ಕಡೆಗೆ ಜಾರುತ್ತದೆಂಬುದಕ್ಕೆ ಇದೊಂದು ಲೌಕಿಕ ಸಾಕ್ಷಿ.

ಆದರೆ ತನ್ನನ್ನು ಕುರಿತು ತಾನೇ ನಗುವ ನಗು ಮಾನವನ್ನು ಬೆಳೆಸುವುದಿಲ್ಲ, ಸಡಿಲಿಸುತ್ತದೆ. ಬನಾರಸೀದಾಸನು ತನ್ನ ಮೌಢ್ಯಗಳನ್ನು ಬರೆದುಕೊಂಡ ರೀತಿ ಅಂಥದು. ಒಬ್ಬ ಸಂನ್ಯಾಸಿಯು ಕೊಟ್ಟ ಮಂತ್ರವನ್ನು ವರ್ಷವಿಡೀ ಗುಟ್ಟಾಗಿ ಜಪಿಸಿ, ಬಾಗಿಲಲ್ಲಿ ಚಿನ್ನದ ನಾಣ್ಯ ಬಿದ್ದಿರುತ್ತದೆಂದು ಹುಡುಕಿ ಬರಿಗೈಯಲ್ಲಿ ನಿಂತ ಕಥೆಯನ್ನು ಆತನು ಸಂಕೋಚವಿಲ್ಲದೆ ಹೇಳುತ್ತಾನೆ. ಪಾಂಡಿತ್ಯ ಬಂದಮೇಲೂ ಇಂಥದನ್ನು ಬರೆಯಬಲ್ಲವನ ಅಭಿಮಾನ ಎಷ್ಟು ಕರಗಿರಬೇಕು!

ರೋಗಿಗೆ ಈ ನಗುವಿನಿಂದ ಇನ್ನೊಂದು ಉಪಕಾರವಿದೆ. ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ವೇದನೆಯನ್ನೇ ನೆನೆನೆನೆದು ಕೊರಗುವುದೂ ಒಂದು. ಹಾಸಿಗೆ ಹಿಡಿದವನ ದಿನದ ಇಪ್ಪತ್ತನಾಲ್ಕು ಗಂಟೆಯೂ ಇದಕ್ಕೆ ಬಲಿಯಾಗುವ ಅಪಾಯವಿದೆ. ೨೦೧೬ರಲ್ಲಿ ನನಗೆ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು. ಎದೆಯ ಮೂಳೆಯನ್ನು ಸೀಳಿ ಮತ್ತೆ ತಂತಿಯಿಂದ ಬಿಗಿದವರಿಗೆ ಕೆಮ್ಮುವಾಗ ಎದೆಗೆ ಒತ್ತಿಕೊಳ್ಳಲು ಒಂದು ದಿಂಬನ್ನು ಕೊಡುತ್ತಾರೆ. ನಮ್ಮ ಪೇಟೆಯ ಅಡಿಕೆ ವರ್ತಕ ಮಿತ್ರರೊಬ್ಬರು ಪ್ರತಿ ಸಂಜೆ ಐದು ಗಂಟೆಗೆ ಬಂದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅಂದಿನ ಧಾರಣೆಯನ್ನು ಗಂಭೀರವಾಗಿ ಓದುತ್ತಿದ್ದರು. ಹೊಸ ಚಾಲಿಯ ಬೆಲೆಯನ್ನು ಹಳತಿಗೆ ಹಾಕುವರು, ಹಳತಿನದನ್ನು ಹೊಸತಿಗೆ. ಕಾಳುಮೆಣಸಿನ ಬೆಲೆಯನ್ನು ಗೇರುಬೀಜಕ್ಕೆ ಹೇಳುವರು. ನಾನು ಸಿಡುಕಿ ತಿದ್ದುವೆನು. ಮೂರನೆಯ ದಿನಕ್ಕೆ ಅವರು ಬೇಕೆಂದೇ ತಪ್ಪು ಓದುತ್ತಿದ್ದಾರೆಂದು ತಿಳಿಯಿತು. ಅಂದು ನಗುವುದಕ್ಕೂ ಆ ದಿಂಬೇ ಬೇಕಾಯಿತು. ಅವರು ಬಂದು ಹೋಗುವ ಅರ್ಧ ಗಂಟೆ ನಾನು ರೋಗಿಯಾಗಿರಲಿಲ್ಲ, ಧಾರಣೆ ಬಲ್ಲ ವರ್ತಕನಾಗಿದ್ದೆ. ಈ ಶರೀರದ ಪಾಡೇ ನನ್ನ ಸಮಗ್ರ ಸ್ವರೂಪವಲ್ಲ ಎಂಬ ನೆನಪನ್ನು ಅಷ್ಟು ಹೊತ್ತಾದರೂ ತಂದುಕೊಟ್ಟ ಆ ವಿನೋದವನ್ನು ನಾನು ಕರ್ಮಬಂಧದ ಪಟ್ಟಿಯಲ್ಲಿ ಮಾತ್ರ ಬರೆಯಲಾರೆ. ಅದು ನಿರ್ಜರೆಗೆ ಸಾಧನವೆಂದು ಸಾಧಿಸುವ ಸಾಹಸವನ್ನೂ ಮಾಡಲಾರೆ. ಮುನಿಗಳಿಗೆ ಇದೂ ಬೇಕಾಗದು. ಶ್ರಾವಕನಿಗೆ ಆರ್ತಧ್ಯಾನದ ಕೆಸರಿನಿಂದ ಕಾಲೆತ್ತಲು ಇದೊಂದು ಮೆಟ್ಟುಗಲ್ಲು, ಇಷ್ಟು ಮಾತ್ರ ನನ್ನ ನಿವೇದನೆ.

ಮಿತ್ರರು ಮತ್ತು ‘ಅವರ ಕರ್ಮ’

ರೋಗಿಯನ್ನು ನೋಡಿ ಹೊರಬಂದವರು ಮೆಟ್ಟಿಲಿಳಿಯುವಾಗ ನಿಟ್ಟುಸಿರಿಟ್ಟು ಆಡುವ ಮಾತೊಂದಿದೆ: ‘ಏನು ಮಾಡುವುದು, ಅವರ ಕರ್ಮ.’ ಈ ಮಾತು ಸಿದ್ಧಾಂತದ ದೃಷ್ಟಿಯಿಂದ ಸುಳ್ಳಲ್ಲ. ಆದರೂ ಆಡತಕ್ಕದ್ದಲ್ಲ. ಕರ್ಮಸಿದ್ಧಾಂತವನ್ನು ಭಗವಂತನು ಉಪದೇಶಿಸಿದುದು ನಮ್ಮ ಲೆಕ್ಕವನ್ನು ನಾವು ನೋಡಿಕೊಳ್ಳಲೆಂದು, ನೆರೆಯವನ ಖಾತೆಯನ್ನು ಬಿಡಿಸಿ ಓದಲೆಂದಲ್ಲ. ನನಗೆ ಕಷ್ಟ ಬಂದಾಗ ‘ಇದು ನನ್ನ ಕರ್ಮ’ ಎಂದುಕೊಂಡರೆ ದ್ವೇಷ ತಗ್ಗುತ್ತದೆ, ಸಹನೆ ಬರುತ್ತದೆ. ಪರರಿಗೆ ಕಷ್ಟ ಬಂದಾಗ ‘ಅದು ಅವರ ಕರ್ಮ’ ಎಂದರೆ ತಗ್ಗುವುದು ನನ್ನ ಕರುಣೆ ಮಾತ್ರ.

ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ನಾವೆಲ್ಲರೂ ಬಲ್ಲೆವು. ಯಾವುದು ಯಾರ ವಿಷಯದಲ್ಲಿ ಸಲ್ಲಬೇಕೆಂಬುದನ್ನೂ ಆಚಾರ್ಯರು ಹೇಳಿದ್ದಾರೆ. ಸಕಲ ಜೀವಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ತಿದ್ದಲಾಗದ ಅವಿನೀತರಲ್ಲಿ ಮಾಧ್ಯಸ್ಥ್ಯ. ರೋಗಿಯನ್ನು ಕಂಡು ಉದಾಸೀನನಾಗಿರುವವನು, ತಾನು ಸಮಭಾವಿಯೆಂದು ಭಾವಿಸಿದರೂ, ಕಾರುಣ್ಯದ ಖಾತೆಗೆ ಸಲ್ಲಬೇಕಾದುದನ್ನು ಮಾಧ್ಯಸ್ಥ್ಯದ ಖಾತೆಗೆ ಬರೆದಿದ್ದಾನೆ. ಲೆಕ್ಕ ಬಲ್ಲವರು ಇದನ್ನು ಸರಿಪಡಿಸಬೇಕು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಗೆ, ಎಂದರೆ ಜುಗುಪ್ಸೆಪಡದಿರುವುದಕ್ಕೆ, ಉದ್ದಾಯನ ಮಹಾರಾಜನು ನಿದರ್ಶನ. ರೋಗಪೀಡಿತ ಮುನಿಯ ವೇಷದಲ್ಲಿ ಪರೀಕ್ಷಿಸಲು ಬಂದ ದೇವನು ಆಹಾರ ಸ್ವೀಕರಿಸಿ ವಾಂತಿ ಮಾಡಿದಾಗ, ದುರ್ಗಂಧಕ್ಕೆ ಪರಿವಾರದವರೆಲ್ಲ ಓಡಿದರು. ರಾಜನೂ ರಾಣಿಯೂ ಓಡದೆ ಮುನಿಯ ಶರೀರವನ್ನು ತೊಳೆದರು. ಸಮ್ಯಕ್ತ್ವದ ಅಂಗವೆಂದು ಎಣಿಸಿರುವುದು ಇಂಥ ಕೆಲಸವನ್ನು. ಖೈರಾಬಾದಿನ ಆ ಇಬ್ಬರು ಸ್ತ್ರೀಯರನ್ನು ಈ ಸಾಲಿನಲ್ಲಿ ನಿಲ್ಲಿಸಲು ನನಗೆ ಸಂಕೋಚವಿಲ್ಲ. ಮುಂದೆ ವ್ಯಾಪಾರದಲ್ಲಿ ಸೋತು ಬರಿಗೈಯಾಗಿ ಬನಾರಸೀದಾಸನು ಅದೇ ಮನೆಗೆ ಬಂದಾಗ, ಪತ್ನಿಯು ತಾನು ಕೂಡಿಟ್ಟಿದ್ದ ಇಪ್ಪತ್ತು ರೂಪಾಯಿಯನ್ನು ಗುಟ್ಟಾಗಿ ಕೊಟ್ಟಳು. ಅತ್ತೆಯು ಇನ್ನೂರು ರೂಪಾಯಿ ಕೊಟ್ಟಳು. ರೋಗದಲ್ಲಿ ಬಿಡದವರು ನಷ್ಟದಲ್ಲಿಯೂ ಬಿಡಲಿಲ್ಲ.

ಗೆಳೆತನದ ಬಲವನ್ನು ಈ ಕಾಲದ ಅಂಕಿಅಂಶಗಳೂ ಹೇಳುತ್ತವೆ. ೨೦೧೦ರಲ್ಲಿ ಜೂಲಿಯನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು ೧೪೮ ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಮಿಕ್ಕ ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿದರು. ಬಂಧುಮಿತ್ರರ ಸಂಬಂಧ ಗಟ್ಟಿಯಾಗಿದ್ದವರು ಅಧ್ಯಯನದ ಅವಧಿಯಲ್ಲಿ ಬದುಕಿ ಉಳಿಯುವ ಸಂಭವ ಉಳಿದವರಿಗಿಂತ ಶೇಕಡಾ ೫೦ರಷ್ಟು ಹೆಚ್ಚೆಂದು ಕಂಡುಬಂದಿತು. ಆದರೆ ಆಯುಷ್ಯ ಹೆಚ್ಚುತ್ತದೆಂಬ ಲಾಭಕ್ಕಾಗಿ ಗೆಳೆತನ ಮಾಡುವವನಿಗೆ ಗೆಳೆಯರು ದೊರೆಯುವುದಿಲ್ಲ.

ನಮ್ಮ ನಾಡಿನ ಸಂಪ್ರದಾಯದಲ್ಲಿಯೇ ಇದಕ್ಕೊಂದು ಮಹತ್ತರವಾದ ಉದಾಹರಣೆಯಿದೆ. ಸ್ವಾಮಿ ಸಮಂತಭದ್ರರಿಗೆ ಭಸ್ಮಕವ್ಯಾಧಿಯು ಬಂದು, ಎಷ್ಟು ಉಂಡರೂ ತಣಿಯದ ಹಸಿವಿನಿಂದ ಮುನಿಚರ್ಯೆ ಅಸಾಧ್ಯವಾದಾಗ ಅವರು ಗುರುಗಳ ಬಳಿ ಸಲ್ಲೇಖನೆಗೆ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ನಿನ್ನಿಂದ ಶಾಸನಸೇವೆ ಆಗಬೇಕಾಗಿದೆ, ವೇಷವನ್ನು ಬದಿಗಿಟ್ಟು ರೋಗವನ್ನು ಶಮನಮಾಡಿಕೊಂಡು ಬಂದು ಮತ್ತೆ ದೀಕ್ಷೆ ವಹಿಸು ಎಂದು ಕಳುಹಿದರೆಂದು ಕಥೆ ಹೇಳುತ್ತದೆ. ರೋಗಿಯು ತನ್ನಲ್ಲಿ ತಾನು ನಂಬಿಕೆ ಕಳೆದುಕೊಂಡಾಗ ಅವನ ಪರವಾಗಿ ಆ ನಂಬಿಕೆಯನ್ನು ಇಟ್ಟುಕೊಂಡಿರುವವನೇ ಹಿತೈಷಿ. ಆ ಗುರುವಿನ ನಿರಾಕರಣೆ ಇರದಿದ್ದರೆ ನಮ್ಮ ಶ್ರಾವಕಾಚಾರಕ್ಕೆ ರತ್ನಕರಂಡಕದಂಥ ಆಧಾರಗ್ರಂಥವು ಲಭಿಸುತ್ತಿತ್ತೇ ಎಂದು ಯೋಚಿಸಬೇಕು.

ತೀರಿಸಲಾಗದ ಬಾಕಿ

ಈಗ ಮೊದಲ ಪ್ರಶ್ನೆಗೆ ಬರೋಣ. ಗುಣಹೊಂದಿದವನ ಕೃತಜ್ಞತೆ ಯಾರಿಗೆ?

ಕಾರ್ಯಕ್ಕೆ ಅಂತರಂಗ ಕಾರಣವೂ ಬಹಿರಂಗ ನಿಮಿತ್ತವೂ ಇರುತ್ತವೆ. ನನ್ನ ಸಾತಾವೇದನೀಯವು ಅಂತರಂಗ ಕಾರಣವಾದರೆ ವೈದ್ಯ, ದಾದಿ, ಪತ್ನಿ, ಮಿತ್ರ ಇವರು ನಿಮಿತ್ತರು. ನಿಮಿತ್ತವೇ ಎಲ್ಲವನ್ನೂ ಮಾಡಿತೆನ್ನುವುದು ಒಂದು ಏಕಾಂತ. ನಿಮಿತ್ತಕ್ಕೆ ಬೆಲೆಯೇ ಇಲ್ಲವೆನ್ನುವುದು ಇನ್ನೊಂದು ಏಕಾಂತ. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಒಂದೊಂದು ದ್ರವ್ಯದ ಉಪಕಾರವನ್ನು ಹೇಳುತ್ತಾ ಬಂದ ಉಮಾಸ್ವಾಮಿಗಳು, ಜೀವದ್ರವ್ಯದ ಉಪಕಾರವೆಂದರೆ ಜೀವರು ಒಬ್ಬರಿಗೊಬ್ಬರು ಆಸರೆಯಾಗುವುದೇ ಎಂದಿದ್ದಾರೆ. ಭಗವಾನ್ ಮಹಾವೀರರ ೨೫೦೦ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ, ೧೯೭೪ರಲ್ಲಿ, ಎಲ್ಲ ಸಂಪ್ರದಾಯದವರೂ ಒಪ್ಪಿದ ಜೈನ ಲಾಂಛನದ ಅಡಿಯಲ್ಲಿ ಇರುವುದು ಇದೇ ಸೂತ್ರ. ವಿವಾಹದ ಕರೆಯೋಲೆಯಲ್ಲಿ ಅದನ್ನು ಅಚ್ಚು ಹಾಕಿಸುವ ನಾವು, ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅದನ್ನು ಓದಿಕೊಂಡರೆ ಅರ್ಥ ಇನ್ನೂ ಚೆನ್ನಾಗಿ ಆಗುತ್ತದೆ.

ಆದರೆ ಈ ಋಣವನ್ನು ತೀರಿಸುವುದು ಹೇಗೆ? ವಾಣಿಜ್ಯಶಾಸ್ತ್ರ ಓದಿದವನಿಗೆ ಇದೊಂದು ವಿಚಿತ್ರ ಲೆಕ್ಕ. ಆಸ್ಪತ್ರೆಯ ಬಿಲ್ಲನ್ನು ಸಂದಾಯ ಮಾಡಬಹುದು. ಆದರೆ ನನ್ನ ಶಸ್ತ್ರಚಿಕಿತ್ಸೆಯ ದಿನ ನನ್ನ ಮೈಗೆ ಏರಿಸಿದ ರಕ್ತವು ಯಾರದು? ದಾನಿಯ ಹೆಸರನ್ನು ರೋಗಿಗೆ ತಿಳಿಸುವುದಿಲ್ಲ. ಅವರು ಯಾವ ಜಾತಿ, ಯಾವ ಧರ್ಮ, ಯಾವ ಊರು ಎಂಬುದು ನನಗೆ ಎಂದೆಂದಿಗೂ ತಿಳಿಯದು. ೧೯೯೬ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ೧೯೯೮ರ ಜನವರಿಯಿಂದ ನಮ್ಮ ದೇಶದಲ್ಲಿ ಹಣಕ್ಕಾಗಿ ರಕ್ತ ಕೊಡುವುದು ನಿಷಿದ್ಧವಾಗಿದೆ. ಆದುದರಿಂದ ಆ ಬಾಕಿಯನ್ನು ಹಣದಲ್ಲಿ ತೀರಿಸಲಾಗದು. ಹೃದ್ರೋಗಿಯಾದ ನನ್ನಿಂದ ರಕ್ತವನ್ನು ಯಾರೂ ತೆಗೆದುಕೊಳ್ಳಲಾರರು. ಆದುದರಿಂದ ವಸ್ತುವಿನಲ್ಲಿಯೂ ತೀರಿಸಲಾಗದು. ಧಣಿಯ ವಿಳಾಸವಿಲ್ಲ, ಹಣ ಸಲ್ಲದು, ಸರಕು ಸಲ್ಲದು. ಆದರೂ ಸಾಲವಂತೂ ಇದೆ. ನಾನು ದಿನವೂ ಎದ್ದು ನಡೆದಾಡುವುದೇ ಅದಕ್ಕೆ ಪತ್ರ.

ಇಂಥ ಸಾಲವನ್ನು ಕೊಟ್ಟವನಿಗೆ ಹಿಂದಿರುಗಿಸುವ ದಾರಿ ಇಲ್ಲ. ಮುಂದಿನವನಿಗೆ ಕೊಡುವ ದಾರಿ ಮಾತ್ರ ಇದೆ. ಕೃತಜ್ಞತೆಯ ನಿಜವಾದ ರೂಪವು ಇದೇ ಎಂಬುದು ನನ್ನ ನಂಬಿಕೆ. ಆಂತರಿಕ ತಪಸ್ಸುಗಳಲ್ಲಿ ಮೂರನೆಯದಾದ ವೈಯಾವೃತ್ತ್ಯಕ್ಕೆ ಹತ್ತು ಪಾತ್ರರನ್ನು ಹೇಳುವಾಗ ಗ್ಲಾನನನ್ನು, ಎಂದರೆ ರೋಗದಿಂದ ಬಳಲಿದವನನ್ನು, ಸೇರಿಸಲಾಗಿದೆ. ಮೂಲತಃ ಇದು ಮುನಿಸಂಘದ ವಿಷಯವಾದರೂ, ರೋಗಿಯ ಸೇವೆಯನ್ನು ಉಪವಾಸದಂತೆ ತಪಸ್ಸೆಂದೇ ಎಣಿಸಿದ ಈ ದೃಷ್ಟಿಯು ಗೃಹಸ್ಥನಿಗೂ ದಾರಿದೀಪ.

ಕಸಿನ್ಸ್ ಅವರ ಕಥೆಯಲ್ಲಿ ಜನ ಸಾಮಾನ್ಯವಾಗಿ ಮರೆಯುವ ಒಂದು ಅಂಶವಿದೆ. ೧೯೫೫ರಲ್ಲಿ, ಅವರಿಗೆ ರೋಗ ಬರುವ ಒಂಬತ್ತು ವರ್ಷ ಮುಂಚೆ, ಹಿರೋಶಿಮಾದ ಅಣುಬಾಂಬಿನಿಂದ ಮುಖ ಕೈಗಳು ಸುಟ್ಟು ವಿಕಾರವಾಗಿದ್ದ ಇಪ್ಪತ್ತೈದು ತರುಣಿಯರನ್ನು ಚಿಕಿತ್ಸೆಗಾಗಿ ನ್ಯೂಯಾರ್ಕಿಗೆ ಕರೆತರುವ ಕಾರ್ಯದಲ್ಲಿ ಅವರು ಮುಂದಾಳಾಗಿದ್ದರು. ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ಆ ತರುಣಿಯರಿಗೆ ನೂರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ಆ ಕಾರ್ಯದಲ್ಲಿ ಜೊತೆಗಿದ್ದ ವೈದ್ಯರಲ್ಲಿ ಡಾ. ಹಿಟ್ಜಿಗ್ ಅವರೂ ಒಬ್ಬರು. ಹೋಟೆಲಿನ ಕೋಣೆಯಲ್ಲಿ ರೋಗಿಯ ವಿಚಿತ್ರವಾದ ಬೇಡಿಕೆಗೆ ಒಪ್ಪಿಗೆ ಕೊಡುವಷ್ಟು ಆ ವೈದ್ಯರಿಗೆ ಅವರಲ್ಲಿ ವಿಶ್ವಾಸವಿದ್ದುದು ಇಬ್ಬರೂ ಕೂಡಿ ಪರರ ಗಾಯಗಳನ್ನು ತೊಳೆದಿದ್ದುದರಿಂದಲೂ ಬೆಳೆದಿತ್ತೆಂದು ತಿಳಿಯುವುದು ಅನುಚಿತವಾಗದು.

ಗುಣವಾಗದವರ ಮಾತು

ಇಲ್ಲಿಯವರೆಗಿನ ವಿಚಾರವೆಲ್ಲ ಗುಣಹೊಂದಿದವರದಾಯಿತು. ಗುಣವಾಗದವರ ಪಾಡೇನು? ನಗು, ಗೆಳೆತನ, ಕೃತಜ್ಞತೆ ಇವು ಗುಣವಾಗುವುದಕ್ಕೆ ತೆರುವ ಬೆಲೆಯಾದರೆ, ಗುಣವಾಗದವರು ಬೆಲೆ ತೆತ್ತೂ ಸರಕು ಪಡೆಯದೆ ಮೋಸಹೋದಂತಾಗುತ್ತದೆ. ಬನಾರಸೀದಾಸನಿಗೆ ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ. ಪ್ರಾಣಮಿತ್ರನಾದ ನರೋತ್ತಮದಾಸನೂ ಮೊದಲೇ ತೀರಿಕೊಂಡ. ಆದರೂ ಐವತ್ತೈದರಲ್ಲಿ ಆತನು ನಗುವನ್ನು ಬಿಡಲಿಲ್ಲ, ಉಪಕಾರಿಗಳ ಹೆಸರನ್ನು ಬರೆಯದೆ ಬಿಡಲಿಲ್ಲ. ಈ ಮೂರು ಗುಣಗಳೂ ಆರೋಗ್ಯವನ್ನು ಕೊಂಡುಕೊಳ್ಳುವ ನಾಣ್ಯಗಳಲ್ಲ. ರೋಗವಿದ್ದರೂ ಇಲ್ಲದಿದ್ದರೂ ಜೀವನು ಜೀವನೊಡನೆ ನಡೆದುಕೊಳ್ಳಬೇಕಾದ ರೀತಿಗಳು ಅವು. ಮುಗುಳ್ನಗುತ್ತಾ, ಸೇವೆ ಮಾಡಿದವರ ಕೈಹಿಡಿದು, ಸಮಾಧಾನದಿಂದ ದೇಹ ಬಿಟ್ಟವರನ್ನು ನಾವೆಲ್ಲ ಕಂಡಿದ್ದೇವೆ. ಅವರು ಸೋತರೆಂದು ಯಾರು ಹೇಳುವರು?

ನಮ್ಮ ಮಾಡತಕ್ಕ ಕೆಲಸ

ಕೊನೆಯಲ್ಲಿ ನಮ್ಮ ಕುಟುಂಬಗಳ ಹಾಗೂ ಬಸದಿಗಳ ವಿಶ್ವಸ್ತ ಮಂಡಳಿಗಳ ಮುಂದೆ ಕೆಲವು ಮಾತುಗಳನ್ನು ವಿನಯಪೂರ್ವಕವಾಗಿ ಇಡಬಯಸುತ್ತೇನೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳು ನಮ್ಮವು. ಕರ್ನಾಟಕದ ಜೈನ ಶಾಸನಗಳಲ್ಲಿ ಈ ನಾಲ್ಕನ್ನೂ ಹೇಳಿ, ಅವುಗಳ ದಾನದಲ್ಲಿಯೇ ವಿನೋದ ಕಾಣುವವರೆಂದು ದಾನಿಗಳನ್ನು ಹೊಗಳುವ ಬಿರುದು ಬರುತ್ತದೆ. ಕೊಡುವುದನ್ನೇ ವಿನೋದವೆಂದುಕೊಂಡ ಆ ಹಿರಿಯರ ಶಬ್ದಪ್ರಯೋಗವು ಚಿಂತನೀಯ. ಇಂದು ಆಹಾರದಾನ, ಶಾಸ್ತ್ರದಾನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಭೈಷಜ್ಯದಾನವನ್ನು ಆಸ್ಪತ್ರೆಗಳಿಗೆ ಬಿಟ್ಟಿದ್ದೇವೆ.

ಪ್ರತಿಯೊಂದು ಬಸದಿಯ ವ್ಯಾಪ್ತಿಯಲ್ಲಿ ಹಾಸಿಗೆ ಹಿಡಿದವರು ಎಷ್ಟು ಮಂದಿ, ಅವರನ್ನು ನೋಡಿಕೊಳ್ಳುವವರು ಯಾರು ಎಂಬ ಪಟ್ಟಿಯೊಂದು ಮಂಡಳಿಯಲ್ಲಿರಲಿ. ಜಾತಿಮತಗಳ ಭೇದ ಆ ಪಟ್ಟಿಗೆ ಬೇಡ. ರಕ್ತಕ್ಕೆ ಅದು ಇರಲಿಲ್ಲ. ಆಸ್ಪತ್ರೆಯ ಮಂಚ, ಗಾಲಿಕುರ್ಚಿ, ಊರುಗೋಲು ಇವುಗಳನ್ನು ಕೊಂಡಿಟ್ಟು ಬೇಕಾದವರಿಗೆ ಎರವಲು ಕೊಡುವುದು ದೊಡ್ಡ ವೆಚ್ಚದ ಕೆಲಸವಲ್ಲ. ರಾತ್ರಿ ಹಗಲು ಸೇವೆ ಮಾಡಿ ಬಳಲಿದ ಸೊಸೆಗೋ ಮಗಳಿಗೋ ವಾರದಲ್ಲಿ ಒಂದು ಮಧ್ಯಾಹ್ನ ಬಿಡುವು ಕೊಟ್ಟು, ರೋಗಿಯ ಬಳಿ ತಾವು ಕುಳಿತುಕೊಳ್ಳುವ ನಾಲ್ಕು ಮಂದಿ ದೊರೆತರೆ ಅದು ಪಂಚಕಲ್ಯಾಣದಷ್ಟೇ ಪುಣ್ಯದ ಕಾರ್ಯವೆಂದು ಭಾವಿಸೋಣ. ಮನೆಯ ತರುಣರು ವರ್ಷಕ್ಕೊಮ್ಮೆಯಾದರೂ ರಕ್ತದಾನ ಮಾಡಲಿ. ಒಂದು ರೋಗದಿಂದ ಎದ್ದವರು ಅದೇ ರೋಗಕ್ಕೆ ಈಗ ಬಿದ್ದವರನ್ನು ಕಂಡು ಬರಲಿ. ಅವರ ಸನ್ನಿಧಿಯೇ ಧೈರ್ಯ. ಹೋದಾಗ ಉಪದೇಶ ಬೇಡ, ಕರ್ಮದ ಮಾತು ಬೇಡ. ಪೇಟೆಯ ಧಾರಣೆಯಾದರೂ ಸಾಕು.

ಭಗವಾನ್ ಮಹಾವೀರರ ನಿರ್ವಾಣದ ದಿನವಾದ ದೀಪಾವಳಿಯಂದು ವರ್ತಕರಾದ ನಾವು ಹಳೆಯ ಲೆಕ್ಕ ಮುಗಿಸಿ ಹೊಸ ಪುಸ್ತಕ ತೆರೆಯುತ್ತೇವೆ. ಕಾಯಿಲೆಯಿಂದ ಎದ್ದ ಯಾರೇ ಆಗಲಿ, ಆ ಪುಸ್ತಕದ ಕೊಡತಕ್ಕ ಬದಿಯಲ್ಲಿ ಒಂದು ಸಾಲನ್ನು ಹೆಸರಿಲ್ಲದೆ ಖಾಲಿ ಬಿಡುವುದು ಒಳ್ಳೆಯದು. ವರ್ಷದಲ್ಲಿ ಎದುರಾಗುವ ಮೊದಲ ರೋಗಿಯ ಹೆಸರನ್ನು ಅಲ್ಲಿ ಬರೆದುಕೊಂಡು, ಆ ಬಾಬ್ತಿನಲ್ಲಿ ಕೈಲಾದುದನ್ನು ಸಲ್ಲಿಸುತ್ತಾ ಹೋಗಬೇಕು. ಆ ಖಾತೆಯು ಎಂದೂ ಚುಕ್ತಾ ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ.